ಸುಡದ ಮುದ್ರೆ

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿ ಹೋಗುವ ಹಿರಿಯರು, ಇವು ಯಾವುದರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಈಗಲೂ ಬಹುಮಟ್ಟಿಗೆ ಇಲ್ಲ. ಹಾನಗಲ್ಲಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ‘ನಮ್ಮ ಊರ ಹುಣಸೆ ಮರದ ಕೆಳಗೆ ಹೀಗಾಯಿತಂತೆ’ ಎಂದು ಶುರು ಮಾಡಿದರೆ, ನೋಡಿದವರು ಯಾರು, ಅವತ್ತು ಅವರು ಏನು ಕುಡಿದಿದ್ದರು ಎಂದು ಕೇಳಿ ಕಥೆಯ ಕುತ್ತಿಗೆ ಹಿಚುಕುತ್ತಿದ್ದೆ. ಹುಟ್ಟಿದ್ದು ವೈಷ್ಣವರ ಮನೆಯಲ್ಲಿ. ಅಜ್ಜ ಸಂಸ್ಕೃತ ಪಾಠ ಹೇಳುತ್ತಿದ್ದವರು. ಹೀಗಾಗಿ ಸಹೋದ್ಯೋಗಿಗಳು ನನಗೆ ‘ನಾಸ್ತಿಕ ಆಚಾರ್ರು’ ಎಂದು ಹೆಸರಿಟ್ಟಿದ್ದರು. ಆ ಹೆಸರು ನನಗೆ ಒಳಗೊಳಗೇ ಹಿತವಾಗಿಯೇ ಇತ್ತು.

ಅಂಥವನು ಇದನ್ನು ಬರೆಯಲು ಕುಳಿತಿದ್ದೇನೆ. ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ. ಕೇಳುವ ಸರದಿ ನನ್ನದಾಗಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ನನ್ನ ಬಲ ಮುಂಗೈ ಮೇಲೆ ಒಂದು ದುಂಡನೆಯ ಕಲೆ ಇದೆ. ಅದು ಹೇಗೆ ಬಂತು, ಅದರಿಂದ ನನ್ನ ಅಕ್ಕನ ಕೈ ಹೇಗೆ ಉಳಿಯಿತು ಎಂಬುದಷ್ಟನ್ನು ನಡೆದ ಹಾಗೆ ಹೇಳುತ್ತೇನೆ.

ಅಕ್ಕನ ಹೆಸರು ವನಮಾಲಾ. ಓಣಿಯವರೆಲ್ಲ ಮಾಲಕ್ಕ ಎನ್ನುತ್ತಾರೆ. ನಾನು ಕೂಸಾಗಿದ್ದಾಗಲೇ ಅವ್ವ ತೀರಿಕೊಂಡಳು. ಆಮೇಲೆ ನನ್ನನ್ನು ಎತ್ತಿ ಆಡಿಸಿ, ಉಣ್ಣಿಸಿ, ಬೈದು ಬೆಳೆಸಿದವಳು ಈ ಅಕ್ಕ. ಅವಳನ್ನು ಕೊಟ್ಟದ್ದು ಸವಣೂರಿಗೆ. ಭಾವ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು; ಮಡಿ, ಪೂಜೆ, ಪುಸ್ತಕ ಇಷ್ಟೇ ಅವರ ಲೋಕ. ಅಕ್ಕ ಸಂಜೆ ಹೊತ್ತು ಹುಡುಗಿಯರಿಗೆ ಹಾರ್ಮೋನಿಯಂ ಕಲಿಸುತ್ತಾಳೆ. ಎಡಗೈಯಲ್ಲಿ ಗಾಳಿ ಹಾಕುತ್ತ, ಬಲಗೈಯಲ್ಲಿ ಸ್ವರ ಹಿಡಿದು, ಕಣ್ಣು ಮುಚ್ಚಿ ದೇವರನಾಮ ಎತ್ತಿಕೊಂಡಳೆಂದರೆ ಭಾವ ಕೂಡ ಓದುವ ಪುಸ್ತಕ ಮಡಚಿ ಕೇಳುತ್ತಾರೆ. ನಮ್ಮ ಮನೆತನದಲ್ಲಿ ವಿದ್ಯೆ ಬಂದದ್ದು ಗಂಡಸರ ನಾಲಿಗೆಗೆ, ದೇವರು ಬಂದದ್ದು ಇವಳ ಬೆರಳಿಗೆ ಎಂದು ಅಪ್ಪ ಹೇಳುತ್ತಿದ್ದ.

ಆಷಾಢ ಏಕಾದಶಿಯ ದಿನ ನಮ್ಮವರು ಮಠದಲ್ಲಿ ತಪ್ತಮುದ್ರೆ ಹಾಕಿಸಿಕೊಳ್ಳುತ್ತಾರೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಶಂಖ, ಚಕ್ರದ ಪುಟ್ಟ ಲೋಹದ ಮುದ್ರೆಗಳನ್ನು ಹೋಮದ ಕೆಂಡದಲ್ಲಿ ಕಾಯಿಸಿ ಮೈಗೆ ಒತ್ತುತ್ತಾರೆ. ಗಂಡಸರಿಗೆ ಭುಜದ ಹತ್ತಿರ ತೋಳಿಗೆ, ಹೆಂಗಸರಿಗೆ ಮುಂಗೈಗೆ. ಬಲಕ್ಕೆ ಚಕ್ರ, ಎಡಕ್ಕೆ ಶಂಖ. ರೆಪ್ಪೆ ಮಿಟುಕಿಸುವಷ್ಟರಲ್ಲಿ ಒತ್ತಿ ತೆಗೆದಿರುತ್ತಾರೆ. ಚುರ್ ಎನ್ನುತ್ತದೆ, ಕಣ್ಣಲ್ಲಿ ಒಂದು ಹನಿ ನೀರು ಬರುತ್ತದೆ, ಕೆಲವು ದಿನಕ್ಕೆ ಆರಿಹೋಗುತ್ತದೆ. ಮುದ್ರೆ ಬಿದ್ದ ಮೈಗೆ ಮಳೆಗಾಲದ ರೋಗರುಜಿನ ಮುಟ್ಟುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ನಾನು ವಿಜ್ಞಾನ ಓದಲು ಹೋದ ಮೇಲೆ ಅದನ್ನು ಬಿಟ್ಟೆ. ಅಕ್ಕ ಒಂದು ವರ್ಷವೂ ತಪ್ಪಿಸಿದವಳಲ್ಲ.

ಹಾಗಾಗಿ ಅವಳ ಬಲ ಮುಂಗೈ ಮೇಲೆ ಮುದ್ರೆ ಬೀಳುವ ಜಾಗದಲ್ಲಿ ಒಂದು ಮಾಸಲು ಕಲೆ ಇತ್ತು. ಸುತ್ತಲಿನ ಚರ್ಮಕ್ಕಿಂತ ತುಸು ಬಿಳಚಿಕೊಂಡದ್ದು. ವರ್ಷ ವರ್ಷ ಮುದ್ರೆ ಬಿದ್ದು ಆದ ಕಲೆ ಎಂದು ನಾವೆಲ್ಲ ತಿಳಿದಿದ್ದೆವು, ಅವಳೂ ಹಾಗೆಯೇ ತಿಳಿದಿದ್ದಳು. ಬೇರೆ ಯಾರ ಮನೆಯಲ್ಲಾದರೂ ಆಗಿದ್ದರೆ ‘ಇದೇನಿದು ಮಚ್ಚೆ’ ಎಂದು ಒಬ್ಬರಾದರೂ ಕೇಳುತ್ತಿದ್ದರು. ನಮ್ಮಲ್ಲಿ ಅದಕ್ಕೆ ಕೈ ಮುಗಿಯುವವರಿದ್ದರು. ಸಾಲದ್ದಕ್ಕೆ ಅಕ್ಕ ಕುದಿಯುವ ಸಾರಿನ ಪಾತ್ರೆಯನ್ನು ಇಕ್ಕಳವಿಲ್ಲದೆ ಇಳಿಸುತ್ತಿದ್ದಳು. ಅದಕ್ಕೂ ನಾವು ‘ಅನ್ನಪೂರ್ಣೆಯ ಕೈ, ಬೆಂಕಿ ಹೆದರತದ’ ಎಂದು ಹೊಗಳಿಕೆಯ ಮಾತು ಕಟ್ಟಿಟ್ಟಿದ್ದೆವು.

ಕೆಲವು ವರ್ಷಗಳ ಹಿಂದಿನ ಮಾತು. ಏಕಾದಶಿಗೆ ಬಾ ಎಂದು ಅಕ್ಕ ವಾರದಿಂದ ಫೋನಿನಲ್ಲಿ ಗಂಟುಬಿದ್ದಿದ್ದಳು. “ಮುದ್ರಿ ಬ್ಯಾಡಾದ್ರ ಬ್ಯಾಡೋ ಮಾರಾಯ, ದ್ವಾದಶಿ ಊಟಕ್ಕರ ಬಾ,” ಎಂದಳು. ಉಪವಾಸದ ದಿನ ಅವರ ಮನೆಯಲ್ಲಿ ನೀರೂ ಲೆಕ್ಕ ಹಾಕಿ ಕುಡಿಯಬೇಕು ಎಂದು ಗೊತ್ತಿದ್ದುದರಿಂದ ಹಾನಗಲ್ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ವಡೆ ತಿಂದು ಹೊಟ್ಟೆ ಭದ್ರ ಮಾಡಿಕೊಂಡೇ ಬಸ್ಸು ಹತ್ತಿದೆ. ಜಿಟಿ ಜಿಟಿ ಮಳೆ. ಕಿಟಕಿಯ ಗಾಜು ಮುಚ್ಚಿತ್ತು. ತೋಳು ತುಂಬ ಅಂಗಿ ತೊಟ್ಟು, ಕೈ ಕಟ್ಟಿಕೊಂಡು ತೂಕಡಿಸುತ್ತ ಕುಳಿತಿದ್ದೆ.

ಬಂಕಾಪುರ ದಾಟಿದ ಮೇಲೆ ಅಕ್ಕನ ಫೋನು ಬಂತು. ಹಿಂದೆ ಗಂಟೆಯ ಸದ್ದು, ಜನರ ಗದ್ದಲ. “ಎಲ್ಲಿದ್ದೀಯೋ? ನನ್ನ ಪಾಳಿ ಬಂತು, ಇಡ್ತೀನಿ,” ಎಂದಳು. ನಾನು ಫೋನನ್ನು ಜೇಬಿಗೆ ಹಾಕಿ ಮತ್ತೆ ಕೈ ಕಟ್ಟಿಕೊಂಡೆ.

ಕೈ ಸುಟ್ಟಿತು. ಇದಕ್ಕಿಂತ ಬೇರೆ ಮಾತು ನನಗೆ ಹೊಳೆಯುತ್ತಿಲ್ಲ. ಬಲ ಮುಂಗೈ ಮೇಲೆ ಯಾರೋ ಕಾದ ಲೋಹ ಒತ್ತಿ ಹಿಡಿದ ಹಾಗೆ. ತಂಪು ಬಸ್ಸಿನಲ್ಲಿ, ಅಂಗಿಯ ತೋಳಿನ ಒಳಗೆ. ನಾನು ಹೌಹಾರಿ ಕೂಗಿ ಎದ್ದು ನಿಂತೆ. ಪಕ್ಕದಲ್ಲಿ ಯಲವಿಗಿಗೆ ಹೊರಟಿದ್ದ ಒಬ್ಬ ಮುದುಕಿ ಕುಳಿತಿದ್ದಳು. ಅವಳ ತೊಡೆಯ ಮೇಲಿನ ಎಲೆ-ಅಡಿಕೆ ಚೀಲ ಕೆಳಗೆ ಬಿತ್ತು.

“ಏನಾತೋ ಯಪ್ಪಾ?”

“ಕೈ ಸುಟ್ಟಂಗಾತು ನೋಡ್ರಿ,” ಎಂದೆ.

“ಯಾವನರ ಬೀಡಿ ಸೇದಾಕತ್ತಾನೇನು ನೋಡ್ರಿ. ಕಿಡಿ ಹಾರಿರಬೇಕು,” ಎಂದು ಅವಳು ಹಿಂದೆ ತಿರುಗಿ ಇಡೀ ಬಸ್ಸನ್ನೇ ಗದರಿದಳು. ಕಂಡಕ್ಟರ್ ಬಂದು, “ನನ್ನ ಬಸ್ಸಿನ್ಯಾಗ ಬೀಡಿ ಹಚ್ಚೋ ಧೈರ್ಯ ಯಾರಿಗೈತಿ,” ಎಂದು ತನ್ನ ಮರ್ಯಾದೆ ಉಳಿಸಿಕೊಂಡ. ಬೀಡಿ ಇರಲಿಲ್ಲ, ಹೊಗೆ ಇರಲಿಲ್ಲ. ನಾನು ತೋಳಿನ ಗುಂಡಿ ಬಿಚ್ಚಿ ಮೇಲಕ್ಕೆ ಸರಿಸಿದೆ. ಒಂದು ರೂಪಾಯಿ ನಾಣ್ಯದಷ್ಟು ದುಂಡನೆಯ ಜಾಗ ಕೆಂಪಗೆ ಎದ್ದು ನಿಂತಿತ್ತು. ಅಂಗಿಯ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಒಂದು ಕಪ್ಪು ಚುಕ್ಕೆಯೂ ಇಲ್ಲ.

“ಹುಳ ಮುಟ್ಟೈತಿ ಬಿಡು. ಸುಣ್ಣ ಹಚ್ಚತೇನಿ, ಕೈ ತಾ ಇಲ್ಲೆ,” ಎಂದ ಮುದುಕಿ ನನ್ನ ಉತ್ತರಕ್ಕೂ ಕಾಯದೆ ಡಬ್ಬಿಯಿಂದ ಸುಣ್ಣ ತೆಗೆದು ಸವರಿದಳು. ನಾನೂ ಹುಳವೇ ಇರಬೇಕು ಎಂದುಕೊಂಡೆ. ಎಂಥ ಹುಳ ಅಷ್ಟು ದುಂಡಗೆ ಕಚ್ಚುತ್ತದೆ ಎಂದು ಮಾತ್ರ ಸವಣೂರು ಬರುವ ತನಕ ಯೋಚಿಸುತ್ತಿದ್ದೆ. ಉರಿ ನಿಂತಿರಲಿಲ್ಲ.

ನೇರವಾಗಿ ಮಠಕ್ಕೆ ಹೋದೆ. ಅಕ್ಕ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಸುತ್ತ ನಾಲ್ಕಾರು ಹೆಂಗಸರು ತಮ್ಮ ತಮ್ಮ ಮುಂಗೈಗೆ ಉಫ್ ಉಫ್ ಎಂದು ಗಾಳಿ ಊದಿಕೊಳ್ಳುತ್ತಿದ್ದರು. ಅಕ್ಕನ ಪಕ್ಕದ ಮನೆಯ ಪದ್ದಕ್ಕ ನನ್ನನ್ನು ನೋಡಿದ ಕೂಡಲೇ ಸುದ್ದಿ ಒಪ್ಪಿಸಿದರು.

“ನಿಮ್ಮ ಅಕ್ಕನ್ನ ನೋಡಬೇಕಿತ್ರಿ. ನಾವೆಲ್ಲ ಹಲ್ಲು ಕಚ್ಚಿ ನಿಂತೀವಿ, ಮಾಲಕ್ಕ ಹೂವು ಮುಟ್ಟಿಸಿದಂಗ ನಿಂತಿದ್ರು. ಭಕ್ತಿ ಅಂದ್ರ ಅದು.”

“ಖರೇನೋ,” ಎಂದಳು ಅಕ್ಕ. ಅವಳ ಮುಖದಲ್ಲಿ ಹೆಮ್ಮೆಯೂ ಇತ್ತು, ಸಂಕೋಚವೂ ಇತ್ತು. “ಬಲಗೈಗೆ ಒತ್ತಿದ್ದು ಗೊತ್ತ ಆಗಲಿಲ್ಲ. ತಣ್ಣನ ನಾಣ್ಯ ಇಟ್ಟಂಗಾತು.”

“ಎಡಗೈಗೆ?”

“ಎಡಗೈ ಉರೀತಲ್ಲ. ಇನ್ನೂ ಉರಿಲಿಕ್ಕತ್ತದ.”

ನನಗೆ ಚೇಷ್ಟೆ ಮಾಡುವ ಚಟ. “ಹಂಗಾರ ನಿನ್ನ ಭಕ್ತಿ ಬಲಗೈಯಾಗ ಅಷ್ಟ ಅದ ಅನ್ನು. ಎಡಗೈ ನನ್ನಂಗ ನಾಸ್ತಿಕ,” ಎಂದೆ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಾನು ಮಾತ್ರ ಅರ್ಧಕ್ಕೆ ನಗುವುದನ್ನು ನಿಲ್ಲಿಸಿದೆ.

ಕಾದ ಲೋಹ ಯಾರ ಭಕ್ತಿಯನ್ನೂ ನೋಡುವುದಿಲ್ಲ. ಒಬ್ಬಳೇ ಹೆಂಗಸು, ಒಂದೇ ಕೆಂಡದಲ್ಲಿ ಕಾದ ಎರಡು ಮುದ್ರೆ. ಒಂದು ಕೈ ಸುಡುತ್ತದೆ, ಇನ್ನೊಂದು ಸುಡುವುದಿಲ್ಲ ಎಂದರೆ ವ್ಯತ್ಯಾಸ ಮುದ್ರೆಯಲ್ಲಿಲ್ಲ, ಕೈಯಲ್ಲಿದೆ. ನಾನು ಅವಳ ಬಲಗೈ ಹಿಡಿದು ನೋಡಿದೆ. ಹೊಸ ಮುದ್ರೆ ಕೆಂಪಗೆ ಬಿದ್ದಿತ್ತು. ಅದರ ಸುತ್ತ ಆ ಹಳೆಯ ಬಿಳಚಿದ ಕಲೆ. ಎಷ್ಟೋ ವರ್ಷದಿಂದ ನೋಡಿದ ಕಲೆಯನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಅದು ಮುದ್ರೆಗಿಂತ ಬಹಳ ದೊಡ್ಡದಾಗಿತ್ತು. ಮುದ್ರೆಗಿಂತ ಮುದ್ರೆಯ ಕಲೆ ದೊಡ್ಡದಾಗುವುದು ಹೇಗೆ?

ಇನ್ನೊಂದನ್ನೂ ನೋಡಿದೆ. ಹೊಸ ಮುದ್ರೆ ಬಿದ್ದದ್ದು ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಹೆಬ್ಬೆರಳಿನ ಕಡೆಗೆ ಅಲ್ಲ, ಕಿರುಬೆರಳಿನ ಕಡೆಗೆ. ನನ್ನ ತೋಳಿನ ಒಳಗೆ ಉರಿಯುತ್ತಿದ್ದುದೂ ಅದೇ ಜಾಗ. ಗಂಡಸರಿಗೆ ಮುದ್ರೆ ಹಾಕದ ಜಾಗ. ಯಾರಿಗೂ ಕಾಣದ ಹಾಗೆ ತೋಳಿನ ಗುಂಡಿ ಹಾಕಿಕೊಂಡೆ.

ಮನೆಗೆ ಬಂದ ಮೇಲೆ ಅಕ್ಕ ದೇವರ ಕೋಣೆಯ ಮುಂದೆ ಹೂಬತ್ತಿ ಮಾಡುತ್ತ ಕುಳಿತಳು. ಅರಳೆ ಎಳೆದು, ಬೆರಳಲ್ಲಿ ತಿರುವಿ ತುದಿ ಮಾಡಿ ತಟ್ಟೆಯಲ್ಲಿಡುತ್ತಿದ್ದಳು. ಹಿಂದಿನ ವರ್ಷ ನಮ್ಮ ಕಾಲೇಜಿಗೆ ಆರೋಗ್ಯ ಇಲಾಖೆಯವರು ಬಂದು ಒಂದು ಚಿತ್ರಪಟ ತೋರಿಸಿ ಹೋಗಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಅರೆಗಣ್ಣಲ್ಲಿ ನೋಡಿದ್ದೆ. ಅದರಲ್ಲಿ ಒಂದು ಕೈ, ಕೈ ಮೇಲೆ ಒಂದು ಬಿಳಚಿದ ಮಚ್ಚೆ, ಅದನ್ನು ಮುಟ್ಟುತ್ತಿರುವ ಒಂದು ಅರಳೆ ಎಳೆ. ಅದು ಈಗ ನೆನಪಾಯಿತು. ತಟ್ಟೆಯಿಂದ ಒಂದು ಹೂಬತ್ತಿ ಎತ್ತಿಕೊಂಡೆ.

“ಅಕ್ಕಾ, ಕಣ್ಣು ಮುಚ್ಚು. ಮುಟ್ಟಿದಾಗೊಮ್ಮೆ ಹೂಂ ಅನ್ನು.”

“ಏನು ಹುಡುಗಾಟೋ ಇದು, ಈ ವಯಸ್ಸಿನಾಗ,” ಎನ್ನುತ್ತಲೇ ಕಣ್ಣು ಮುಚ್ಚಿದಳು. ಎಡಗೈಗೆ ಮುಟ್ಟಿಸಿದೆ. ಹೂಂ. ಕೆನ್ನೆಗೆ ಮುಟ್ಟಿಸಿದೆ. ಹೂಂ. ಬಲಗೈ ಮಣಿಕಟ್ಟಿಗೆ ಮುಟ್ಟಿಸಿದೆ. ಹೂಂ. ಆಮೇಲೆ ಕಲೆಯ ಮೇಲೆ, ಹೊಸ ಗಾಯ ಬಿಟ್ಟು, ಮೆಲ್ಲಗೆ ಎಳೆದೆ. ಮತ್ತೆ ಎಳೆದೆ. ಅಕ್ಕ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದಳು.

“ಮುಟ್ಟೋ,” ಎಂದಳು.

ಭಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಮನಸ್ಸಿನಲ್ಲಿದ್ದುದು ಅವರಿಗೆ ಹೇಗೋ ಗೊತ್ತಾಯಿತು. “ಅದು ಮುದ್ರಿ ಕಲೆ,” ಎಂದರು. “ಸುಟ್ಟ ಚರ್ಮ ಜಡ ಆಗತದ. ನೀ ಏನು ಯೋಚನಿ ಮಾಡ್ಲಿಕ್ಕತ್ತೀ ನನಗ ಗೊತ್ತದ. ಆ ರೋಗದ ಹೆಸರು ಈ ಮನ್ಯಾಗ ತಗೀಬ್ಯಾಡ. ಮೂರು ಹೊತ್ತು ಮಡಿ ಉಡೋ ಮನಿ ಇದು.”

ಭಾವ ಕೆಟ್ಟವರಲ್ಲ. ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ನಾನು ಜಗಳಕ್ಕೆ ಸಿದ್ಧನಾದೆ. ಅಷ್ಟರಲ್ಲಿ ಅಕ್ಕ ಎದ್ದು ಹೋಗಿ ಹಾರ್ಮೋನಿಯಂ ಮುಂದೆ ಕುಳಿತಳು. ಮುಸುಕು ತೆಗೆದು ಸರಳವಾದ ಒಂದು ಆರೋಹಣ ನುಡಿಸಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು ಸಲೀಸಾಗಿ ಹೋದವು. ಕೊನೆಯ ಸ್ವರಕ್ಕೆ ಕಿರುಬೆರಳು ತಡವಾಗಿ ಬಂತು. ಇನ್ನೊಮ್ಮೆ ನುಡಿಸಿದಳು. ಮತ್ತೆ ಆ ಬೆರಳು ಹಿಂದೆ ಬಿತ್ತು.

“ಸಂಕ್ರಾಂತಿಯಿಂದ ಹಿಂಗ ಆಗೇದ,” ಎಂದಳು, ನಮ್ಮ ಕಡೆ ನೋಡದೆ. “ವಾಯು ಇರಬೇಕು ಅಂತ ಎಣ್ಣಿ ಹಚ್ಕೊಂಡೆ. ಹುಡುಗ್ಯಾರಿಗೆ ಗೊತ್ತಾಗಬಾರದಂತ ಆ ಸ್ವರ ಇರೋ ಹಾಡ ಬಿಟ್ಟಬಿಟ್ಟೀನಿ. ನಾಳೆ ಪಾರಣಿ ಮುಗಿಸಿ ಹೋಗೂಣು. ಎಲ್ಲಿಗಾದ್ರೂ ಸರಿ.”

ಎಲ್ಲಿಗಾದರೂ ಎಂದರೆ ಸವಣೂರಿನಲ್ಲಿ ಬೇಡ ಎಂದು ಭಾವನ ಹಟ. ಅಲ್ಲಿ ಎಲ್ಲರೂ ಪರಿಚಯದವರು. ಶಿಗ್ಗಾಂವಿಯೂ ಬೇಡ, ಅಲ್ಲಿ ಅವರ ಹಳೆಯ ಶಿಷ್ಯರು ಬಹಳ. ಕೊನೆಗೆ ತಮ್ಮನ ಮನೆಗೆ ಹೊರಟೆವು ಎಂದು ಪದ್ದಕ್ಕನಿಗೆ ಹೇಳಿ, ದ್ವಾದಶಿಯ ಬೆಳಿಗ್ಗೆ ಬೇಗ ಊಟ ಮುಗಿಸಿ ಮೂವರೂ ಹಾನಗಲ್ಲಿನ ಬಸ್ಸು ಹಿಡಿದೆವು. ಊರ ಕಣ್ಣು ತಪ್ಪಿಸಲು ಇಷ್ಟು ದೂರ ಬಂದರೆ, ಆಸ್ಪತ್ರೆಯ ಪಾಳಿಯಲ್ಲಿ ನಮ್ಮ ಹಿಂದೆ ನಿಂತವನೇ “ನಮಸ್ಕಾರ್ರಿ ಮಾಸ್ತರ, ನೀವಿಲ್ಲೆ?” ಎಂದ. ಭಾವನ ಶಿಷ್ಯರಿಲ್ಲದ ತಾಲೂಕು ನಮ್ಮ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಅಲ್ಲಿದ್ದ ವೈದ್ಯೆ ಚಿಕ್ಕೇರೂರು ಕಡೆಯ ರೈತರ ಮನೆಯ ಹುಡುಗಿ, ನನ್ನ ವಿದ್ಯಾರ್ಥಿನಿಯರಿಗಿಂತ ತುಸು ದೊಡ್ಡವಳು. ಅಕ್ಕನ ಕಣ್ಣು ಮುಚ್ಚಿಸಿ ಅರಳೆಯಿಂದಲೂ ಪೆನ್ನಿನ ತುದಿಯಿಂದಲೂ ನೋಡಿದಳು. ಮೊಣಕೈ ಹಿಂದಿನ ನರವನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದಳು. ಕಿರುಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಒಂದು ಕಾಗದ ಸಿಕ್ಕಿಸಿ, ಬಿಗಿಯಾಗಿ ಹಿಡಿಯಲು ಹೇಳಿ ಎಳೆದಳು. ಕಾಗದ ಸುಲಭವಾಗಿ ಬಂತು. ಆಮೇಲೆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು.

“ಕುಷ್ಠರೋಗ ಐತ್ರಿ ಅಮ್ಮಾರ. ಈಗಿನ್ನ ಶುರು ಐತಿ. ಆರು ತಿಂಗಳು ಗುಳಿಗಿ ತಪ್ಪದಂಗ ತಗೊಂಡ್ರ ಪೂರ್ತಿ ಗುಣ ಆಗ್ತೈತಿ. ನರದ ಬಾವಿಗೂ ಔಷಧ ಕೊಡ್ತೇನಿ. ಬೆರಳೂ ಬರ್ತೈತಿ ಅಂತ ನನಗ ಭರವಸ ಐತಿ.”

ಭಾವ ಗೋಡೆ ಹಿಡಿದರು. “ನಮ್ಮದು ಮಡಿ ಮನಿ. ಇದು ನಮಗ ಹೆಂಗ ಬಂತ್ರಿ?”

“ಮಡಿ ಮೈಲಿಗಿ ಅದಕ್ಕ ತಿಳಿಯಂಗಿಲ್ರಿ ಸರ. ಉಸಿರಾಡೋ ಮನಷ್ಯಾರಿಗೆ ಯಾರಿಗರ ಬರ್ತೈತಿ. ಗುಳಿಗಿ ಶುರು ಮಾಡಿದ್ರ ಇವರಿಂದ ಮತ್ತೊಬ್ಬರಿಗೆ ಹತ್ತಂಗಿಲ್ಲ. ಮನಿ, ಅಡಗಿ, ಪೂಜಿ ಎಲ್ಲಾ ಇದ್ದಂಗ ಇರ್ಲಿ.” ಆಮೇಲೆ ಅಕ್ಕನ ಕಡೆ ತಿರುಗಿದಳು. “ಇದರ ಕೆಟ್ಟ ಗುಣ ಏನು ಹೇಳ್ರಿ, ಇದು ನೋಯಂಗಿಲ್ಲ, ತುರಸಂಗಿಲ್ಲ. ನೋವಿದ್ರ ಮಂದಿ ಅವತ್ತ ಓಡಿ ಬರ್ತಾರ. ನೋವಿಲ್ಲಂತ ಕುಂದರ್ತಾರ, ಬೆರಳು ಮಡಚಿದ ಮ್ಯಾಲೆ ಬರ್ತಾರ. ನೀವು ಲಗೂನ ಬಂದೀರಿ. ಹೆಂಗ ಗೊತ್ತಾತು?”

ಅಕ್ಕ ನನ್ನ ಕಡೆ ಕೈ ತೋರಿಸಿದಳು. ನಾನು ತೋಳು ಸರಿಸಿ ನನ್ನ ಮುಂಗೈ ಮೇಜಿನ ಮೇಲಿಟ್ಟೆ. ಬಸ್ಸಿನ ವಿಷಯ ಹೇಳಿದೆ. ಜೀವನದಲ್ಲಿ ಮೊದಲ ಬಾರಿಗೆ ಇನ್ನೊಬ್ಬರ ಮುಖದ ಮೇಲೆ, ಕಥೆ ಹೇಳುವವರನ್ನು ನಾನು ನೋಡುತ್ತಿದ್ದ ನೋಟವನ್ನು ಕಂಡೆ. ಅವಳು ನನಗೂ ಅರಳೆ ಮುಟ್ಟಿಸಿ ನೋಡಿದಳು. ನನ್ನ ಸ್ಪರ್ಶ ಸರಿಯಾಗಿಯೇ ಇತ್ತು. “ಇದು ಸುಟ್ಟ ಗಾಯ. ಬ್ಯಾರೇನಿಲ್ಲ,” ಎಂದಳು. “ಎಲ್ಲೋ ಸುಟ್ಟಿರಬೇಕು, ನಿಮ್ಮ ಲಕ್ಷ್ಯಕ್ಕ ಬಂದಿಲ್ಲ,” ಎಂದು ಮುಲಾಮು ಬರೆದುಕೊಟ್ಟಳು. ಭಾವನನ್ನೂ ತಪಾಸಣೆ ಮಾಡಿ, ಮನೆಯವರಿಗೆ ಕೊಡುವ ಒಂದು ಸಲದ ಗುಳಿಗೆ ಕೊಟ್ಟಳು. ಅವರು ತೀರ್ಥ ತೆಗೆದುಕೊಳ್ಳುವ ಹಾಗೆ ಕೈಯೊಡ್ಡಿ ತೆಗೆದುಕೊಂಡು ನುಂಗಿದರು.

ಹೊರಗೆ ಬೆಂಚಿನ ಮೇಲೆ ಕುಳಿತಾಗ ಅಕ್ಕ ನನ್ನ ಕೈಯ ಪಕ್ಕಕ್ಕೆ ತನ್ನ ಕೈ ಇಟ್ಟು ನೋಡಿದಳು. ಎರಡು ಗುರುತು ಒಂದೇ ಅಳತೆ, ಒಂದೇ ಜಾಗ. ನನ್ನದರಲ್ಲಿ ಚಕ್ರದ ಗೆರೆಗಳು ಮಾತ್ರ ಇರಲಿಲ್ಲ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. “ನೀ ಸಣ್ಣವನಿದ್ದಾಗ ಬಿದ್ದು ಬಿದ್ದು ಬರ್ತಿದ್ದಿ. ಪ್ರತಿ ಸಲ ನನಗ ನೋವಾಗ್ತಿತ್ತು. ಒಮ್ಮೆ ನಿನಗೂ ಆಗಲಿ ಬಿಡು,” ಎಂದಳು. ನಾನು ಮುಖ ಆ ಕಡೆ ತಿರುಗಿಸಿದೆ. ನನಗೆ ಅಳು ಬಂದಿತ್ತು, ಅವಳು ಕಳೆದುಹೋಗುವಳೇನೋ ಎಂಬ ಭಯ ಆಗಲೇ ನನ್ನೊಳಗೆ ಇಳಿದದ್ದು.

ನಾನು ಅವರೊಂದಿಗೆ ಸವಣೂರಿಗೆ ಹೋಗಿ ಎರಡು ದಿನ ಇದ್ದೆ. ಮರುದಿನ ಬೆಳಿಗ್ಗೆ ಅಕ್ಕ ಅಡುಗೆಮನೆಗೆ ಕಾಲಿಡಲಿಲ್ಲ. ಪಡಸಾಲೆಯಲ್ಲಿ ಮುಸುಕು ಹಾಕಿದ ಹಾರ್ಮೋನಿಯಂ ಪಕ್ಕ ಗೋಡೆಗೆ ಒರಗಿ ಕುಳಿತಳು. “ನೀವ ಇಬ್ಬರೂ ಏನರ ಮಾಡ್ಕೋರಿ. ನಾ ಒಳಗ ಬರೂದಿಲ್ಲ,” ಎಂದಳು. ವೈದ್ಯೆ ಹೇಳಿದ್ದನ್ನು ನಾನು ಮತ್ತೆ ಮತ್ತೆ ಹೇಳಿದೆ. ತಲೆಗೆ ಹೋಗಿತ್ತು, ಮನಸ್ಸಿಗೆ ಹೋಗಿರಲಿಲ್ಲ. ನಾನೇ ಒಲೆ ಹಚ್ಚಿ ಒಂದು ಅನ್ನ, ಒಂದು ತಿಳಿಸಾರು ಎಂದು ಕರೆಯಬಹುದಾದ ಏನೋ ಒಂದನ್ನು ಮಾಡಿದೆ.

ಭಾವ ಪೂಜೆ ಮುಗಿಸಿ, ಎಲೆ ಹಾಕಿಕೊಂಡು, ಅದರ ಮುಂದೆ ಕುಳಿತರು. ನಾನು ಬಡಿಸಲು ಹೋದರೆ ಬೇಡವೆಂದು ಕೈ ಅಡ್ಡ ಹಿಡಿದರು.

“ಏ, ಹಸಿವಾಗೇದ. ಬಂದು ಬಡಸು,” ಎಂದು ಪಡಸಾಲೆಯ ಕಡೆ ಕೂಗಿದರು.

“ಈ ಕೈಲೆ ಬ್ಯಾಡ್ರಿ.”

“ಆ ಕೈಲೇನ ಬಡಸು. ಮದವಿ ಆದಾಗಿಂದ ಉಂಡ ಕೈ ಅದು. ಒಂದು ದಿವಸದಾಗ ಬ್ಯಾರೇದ್ದು ಆಗೂದಿಲ್ಲ. ನೀ ಬರೂತನಕ ಏಳೂದಿಲ್ಲ ನಾನು.”

ಸಾರು ಆರಿಹೋಯಿತು. ಭಾವ ಖಾಲಿ ಎಲೆಯ ಮುಂದೆ ಕುಳಿತೇ ಇದ್ದರು. ಕೊನೆಗೆ ಅಕ್ಕ ಬಂದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸೌಟು ಹಿಡಿದಳು. ಭಾವ ಒಂದು ತುತ್ತು ಬಾಯಿಗಿಟ್ಟು, “ಸಾರಿಗೆ ಉಪ್ಪ ಹಾಕಿಲ್ಲ ನಿನ್ನ ತಮ್ಮ,” ಎಂದರು. ಅಷ್ಟು ಹೊತ್ತಿಗೆ ಮೂವರಿಗೂ ನಗಲು ಒಂದು ಕಾರಣ ಬೇಕಾಗಿತ್ತು. ಶಾಸ್ತ್ರ ಓದಿದ್ದು ಸಾರ್ಥಕವಾಯಿತು ಎಂದು ನಾನು ಭಾವನ ಬಗ್ಗೆ ಮನಸ್ಸಿನಲ್ಲೇ ಅಂದುಕೊಂಡೆ.

ಆಮೇಲಿನದು ದೊಡ್ಡ ಕಥೆಯೇನಲ್ಲ. ತುಳಸಿಗೆ ಪ್ರದಕ್ಷಿಣೆ ಹಾಕಿ, ತಿಂಡಿ ತಿಂದು, ಗುಳಿಗೆ ನುಂಗುವುದು ಅಕ್ಕನ ನಿತ್ಯದ ಆಹ್ನಿಕವಾಯಿತು. ಗುಳಿಗೆಯಿಂದ ಮೈಬಣ್ಣ ತುಸು ಕಪ್ಪಾದಾಗ, “ಕೃಷ್ಣನ ಬಣ್ಣ ಬಂತು,” ಎಂದು ಅವಳೇ ನಕ್ಕಳು. ಬೆರಳಿನ ವ್ಯಾಯಾಮವನ್ನು ಹಾರ್ಮೋನಿಯಂ ಮೇಲೆಯೇ ಮಾಡಿದಳು. ಹುಡುಗಿಯರ ತಾಯಂದಿರಿಗೆ ತಾನೇ ಹೋಗಿ ವಿಷಯ ಹೇಳಿದಳು. ಮುಚ್ಚಿಡೋಣ ಎಂದ ನಮ್ಮಿಬ್ಬರ ಮಾತು ಕೇಳಲಿಲ್ಲ. ಒಂದಿಬ್ಬರು ಮಕ್ಕಳನ್ನು ಬಿಡಿಸಿದರು. ಅವರಲ್ಲಿ ಒಬ್ಬರು ಇಂದಿಗೂ ಅವಳನ್ನು ಕಂಡರೆ ದಾರಿ ಬದಲಿಸುತ್ತಾರೆ. ಉಳಿದವರು ಕಳಿಸಿದರು. ಪದ್ದಕ್ಕ ಕೆಲವು ದಿನ ಬೇಲಿಯಾಚೆಯಿಂದಲೇ ಮಾತಾಡಿಸಿ, ಒಂದು ಮಧ್ಯಾಹ್ನ ತಾವೇ ಬಂದು ಬೆನ್ನ ಮೇಲಿನ ಒಂದು ಮಚ್ಚೆ ತೋರಿಸಿ, “ಇದನ್ನಷ್ಟು ನೋಡ್ರಿ ಮಾಲಕ್ಕ,” ಎಂದರಂತೆ. ಅಕ್ಕ ಹೂಬತ್ತಿ ಮುಟ್ಟಿಸಿ ನೋಡಿದಳು. ಸ್ಪರ್ಶ ಚೆನ್ನಾಗಿಯೇ ಇತ್ತು. ಆಸ್ಪತ್ರೆಯಲ್ಲೂ ಅದು ಬರೀ ಚಿಬ್ಬು ಎಂದರು. ಅಂದಿನಿಂದ ಅವಳಿಗೆ ಇದೊಂದು ಅಭ್ಯಾಸವಾಗಿದೆ. ಯಾರ ಮೈಮೇಲೆ ಬಿಳಚಿದ ಮಚ್ಚೆ ಕಂಡರೂ ಕಣ್ಣು ಮುಚ್ಚಿ ಎನ್ನುತ್ತಾಳೆ. ಹೆಚ್ಚಿನವು ಏನೂ ಅಲ್ಲ. ಹಿರೇಕೆರೂರು ಕಡೆಯಿಂದ ನೆಂಟಸ್ತನಕ್ಕೆ ಬಂದ ಒಬ್ಬ ಹೆಣ್ಣುಮಗಳು ಮಾತ್ರ ಹೂಂ ಎನ್ನಲಿಲ್ಲ. ಅವಳೂ ಗುಳಿಗೆ ಮುಗಿಸಿ ಈಗ ಹೊಲದ ಕೆಲಸ ಮಾಡಿಕೊಂಡಿದ್ದಾಳೆ.

ಈ ಮಧ್ಯೆ ನಾನು ನನ್ನ ಕೈಗೆ ಕಾರಣ ಹುಡುಕುತ್ತಲೇ ಇದ್ದೆ. ಹೋಟೆಲಿನಲ್ಲಿ ಚಹಾದ ಪಾತ್ರೆ ತಾಗಿತ್ತೇ? ತಾಗಿದ್ದರೆ ಬಂಕಾಪುರದ ತನಕ ಸುಮ್ಮನೆ ಇರುತ್ತಿತ್ತೇ? ಜೇಬಿನ ಫೋನು ಕಾದಿತ್ತೇ? ಫೋನು ಎಡ ಜೇಬಿನಲ್ಲಿತ್ತು. ಹುಳವೇ? ವೈದ್ಯೆ ಅದು ಸುಟ್ಟ ಗಾಯ ಎಂದಿದ್ದಳು. ಅಕ್ಕನ ಕಲೆಯ ಬಗ್ಗೆ ಮನಸ್ಸಿನ ಆಳದಲ್ಲಿ ಅನುಮಾನ ಮೊದಲೇ ಇತ್ತು, ಮನಸ್ಸೇ ಮೈಮೇಲೆ ಬರೆ ಎಳೆಯಿತು ಎಂದು ಒಬ್ಬ ಗೆಳೆಯ ಹೇಳಿದ. ಇರಬಹುದು. ಆದರೆ ಅಕ್ಕನ ಪಾಳಿ ಬಂದ ಆ ಗಳಿಗೆಯಲ್ಲೇ, ಆ ಜಾಗದಲ್ಲೇ, ಆ ಅಳತೆಯಲ್ಲೇ ಏಕೆ? ತರಗತಿಯಲ್ಲಿ ಶಾಖ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವ ಮೂರು ಬಗೆಯ ಪಾಠ ಮಾಡುವಾಗ ನನ್ನ ಕೈ ತಾನಾಗಿ ತೋಳಿನ ಗುಂಡಿಯ ಕಡೆ ಹೋಗುತ್ತದೆ. ನನ್ನ ಅನುಭವ ಆ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಮುಂದಿನ ಆಷಾಢದ ಹೊತ್ತಿಗೆ ಗುಳಿಗೆ ಮುಗಿದು ತಿಂಗಳುಗಳಾಗಿದ್ದವು. ಕಿರುಬೆರಳು ತನ್ನ ಸ್ವರಕ್ಕೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಮುದ್ರೆ ಹಾಕಿಸಿಕೊಳ್ಳುತ್ತೇನೆ ಎಂದು ಅಕ್ಕ ಹಟ ಹಿಡಿದಳು. ಸ್ಪರ್ಶವಿಲ್ಲದ ಜಾಗಕ್ಕೆ ಬಿಸಿ ತಾಗಿಸುವುದು ಅಪಾಯ, ಬೇಡವೇ ಬೇಡ ಎಂದೆ. ಇಬ್ಬರೂ ಅದೇ ವೈದ್ಯೆಯ ಬಳಿ ಹೋದೆವು. ಕಣ್ಣು ಮುಚ್ಚಿಸಿ ಅರಳೆ ಮುಟ್ಟಿಸಿದಾಗ ಅಕ್ಕ ಕಲೆಯ ಮೇಲೆಯೂ ಹೂಂ ಎಂದಳು. ತಡವರಿಸಿದಳು, ಆದರೂ ಎಂದಳು. ಮುದ್ರೆ ಒತ್ತದೆ, ಸುಮ್ಮನೆ ಸೋಕಿಸಿ ತೆಗೆಯಲು ಹೇಳಿ ಎಂಬ ಕರಾರಿನ ಮೇಲೆ ಒಪ್ಪಿಗೆ ಸಿಕ್ಕಿತು.

ಏಕಾದಶಿಯ ಬೆಳಿಗ್ಗೆ ನಾನೂ ಪಾಳಿಯಲ್ಲಿ ಅವಳ ಪಕ್ಕ ನಿಂತೆ. ಮುದ್ರೆಗಾಗಿ ಅಲ್ಲ, ಕಾವಲಿಗೆ. ನನ್ನ ತೋಳಿನ ಗುಂಡಿ ಬಿಚ್ಚಿಟ್ಟುಕೊಂಡಿದ್ದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಅವಳ ಪಾಳಿ ಬಂತು. ಬಲಗೈ ಮುಂದೆ ಚಾಚಿದಳು. ಕೆಂಡದಿಂದ ತೆಗೆದ ಮುದ್ರೆ ಸೋಕಿತೋ ಇಲ್ಲವೋ, ಅಕ್ಕ ಸ್ ಎಂದು ಕೈ ಎಳೆದುಕೊಂಡಳು. ಅವಳ ಎರಡು ಕಣ್ಣಲ್ಲೂ ನೀರು. ನಗುತ್ತಿದ್ದಳು.

“ಉರೀತೋ,” ಎಂದಳು. “ಉರೀಲಿಕ್ಕತ್ತದೋ.”

ಹಿಂದೆ ನಿಂತಿದ್ದ ಪದ್ದಕ್ಕ, “ಹ್ವಾದ ವರ್ಷ ಅಷ್ಟು ಶಾಂತ ನಿಂತಿದ್ರಿ, ಈ ಸಲ ಯಾಕ್ರಿ ಮಾಲಕ್ಕ?” ಎಂದು ಮರುಕದಿಂದ ಕೇಳಿದರು. ಅಕ್ಕ ಕೈಗೆ ಗಾಳಿ ಊದಿಕೊಳ್ಳುತ್ತ ನನ್ನ ಕಡೆ ತಿರುಗಿದಳು. ನನ್ನ ಬಿಚ್ಚಿದ ತೋಳನ್ನು ನೋಡಿದಳು.

“ನಿನಗೇನರ ಆತೇನು?”

“ಇಲ್ಲ. ಏನೂ ಆಗಲಿಲ್ಲ.”

“ಹಂಗಾರ ನಂದು ನನಗ ಹೊಳ್ಳಿ ಬಂತು ಬಿಡು,” ಎಂದಳು.

ನಾನು ತೋಳು ಇಳಿಸಿ ಗುಂಡಿ ಹಾಕಿಕೊಂಡೆ.